ಮುನಿಯಮ್ಮನ ಕೆಮ್ಮು

ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಈಗಲೂ ಆಗೊಮ್ಮೆ ಈಗೊಮ್ಮೆ ನಮ್ಮ ದೊಮ್ಮಲೂರಿನ ಮನೆಗೆ ಬರುತ್ತಾರೆ. "ಸಾರ್, ಅಷ್ಟು ವರ್ಷ ಏನ್ ನೋಡಿದ್ರಿ?" ಎಂದು ಕೇಳುತ್ತಾರೆ. ಬಾಟಲಿ ನೋಡಿದೆ ಎನ್ನುತ್ತೇನೆ. ವಿನಯದಿಂದ ಹೇಳುತ್ತಿದ್ದಾರೆ ಎಂದುಕೊಂಡು ತಲೆಯಾಡಿಸುತ್ತಾರೆ. ವಿನಯ ನನ್ನ ಕಾಯಿಲೆಗಳಲ್ಲಿ ಒಂದಲ್ಲ. ನಿಜಕ್ಕೂ ನೋಡಿದ್ದು ಬಾಟಲಿಯೇ. ಆ ಬಾಟಲಿಯನ್ನು ತಂದುಕೊಟ್ಟವರ ಮುಖವನ್ನೂ ನೋಡಬೇಕು, ಮಾತನ್ನೂ ಕೇಳಬೇಕು ಎಂದು ಕಲಿಯಲು ನನಗೆ ಸಾಕಷ್ಟು ಬೈಗುಳ ಬೇಕಾಯಿತು. ಹೇಗೆ ಬಡ್ತಿ ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಸಿಕ್ಕಿದ್ದು ಒಂದೇ. ಬೈಗುಳದ ಕಥೆಯನ್ನು ಮಾತ್ರ ಬರೆಯುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಹಲಸೂರು ಕೆರೆಯಿಂದ ಎರಡು ಬೀದಿ ಈಚೆ, ಮಹಡಿ ಮೆಟ್ಟಿಲಿನ ಕೆಳಗೆ ಒಂದು ಮೈಕ್ರೋಸ್ಕೋಪ್, ಒಂದು ಸಿಂಕ್, ಒಂದು ಸ್ಟೂಲು. ಇದೇ ನನ್ನ ಲ್ಯಾಬು. ಮೇಲ್ಗಡೆ ಡಾಕ್ಟರ್ ಫಿಲೋಮಿನಾ ಅವರ ಹೆಂಗಸರ ಆಸ್ಪತ್ರೆ. ಮಕ್ಕಳಾಗದೆ ಬರುವವರೇ ಹೆಚ್ಚು. ನನಗೆ ಆಗ ಇಪ್ಪತ್ತೈದು. ಯಾರ ಧ್ವನಿ ಕೇಳಿದರೂ ಸಂಜೆಯೊಳಗೆ ಅದು ನನ್ನ ಗಂಟಲಿಗೆ ಇಳಿದುಬಿಡುತ್ತಿತ್ತು. ಶಿವಾಜಿನಗರದ ಬಸ್ ಕಂಡಕ್ಟರು, ತಿಪ್ಪಸಂದ್ರದ ಮಾರ್ಕೆಟ್ಟಿನ ಸೊಪ್ಪಿನವಳು, ನಮ್ಮ ಆಯಾ ಜೈನಬಿ, ಎಲ್ಲರೂ ನನ್ನ ಬಾಯಲ್ಲೇ ವಾಸ. ಕೆಲಸಕ್ಕೆ ಸೇರಿದ ಮೂರನೇ ದಿನ ಡಾಕ್ಟರ ಹಾಗೆ ಮಾತನಾಡಿ ತೋರಿಸುತ್ತಿದ್ದಾಗ ಅವರು ಹಿಂದೆಯೇ ನಿಂತಿದ್ದರು. "ನನ್ ವಾಯ್ಸ್ ಅಷ್ಟು ದಪ್ಪ ಇಲ್ಲ ಕಿಟ್ಟಿ, ಸ್ವಲ್ಪ ತೆಳ್ಳಗೆ ಮಾಡ್ಕೋ" ಎಂದು ಹೇಳಿ ಮೆಟ್ಟಿಲು ಹತ್ತಿದರು. ಅಂದಿನಿಂದ ನನಗೆ ಲೈಸೆನ್ಸ್ ಸಿಕ್ಕಂತಾಯಿತು.

ಡಾಕ್ಟರದ್ದು ಮೂರು ಕಟ್ಟುನಿಟ್ಟು. ಮೊದಲನೆಯದು, 'ಬಂಜೆ' ಎಂಬ ಮಾತನ್ನು ಆ ಕಟ್ಟಡದೊಳಗೆ ಯಾರೂ ಆಡಬಾರದು. ಆಡಿದವರು ಎದ್ದು ಹೊರಗೆ ಹೋಗಿ, ಬೇರೆ ಮಾತು ಹುಡುಕಿಕೊಂಡು ಒಳಗೆ ಬರಬೇಕು. ಎರಡನೆಯದು, ಗಂಡನ ಪರೀಕ್ಷೆ ಆಗದೆ ಹೆಂಡತಿಯ ಮೈಗೆ ಒಂದು ಸೂಜಿಯನ್ನೂ ಚುಚ್ಚುವಂತಿಲ್ಲ. ಮೂರನೆಯದು, ಡಾಕ್ಟರ ಕೋಣೆಯೊಳಕ್ಕೆ ಗಂಡ ಹೆಂಡತಿ ಮಾತ್ರ. ಅತ್ತೆ, ನಾದಿನಿ, ಸೋದರತ್ತೆ ಎಲ್ಲರೂ ಕೆಳಗೆ, ನನ್ನ ಲ್ಯಾಬಿನ ಎದುರಿನ ಬೆಂಚಿನ ಮೇಲೆ. ಆ ಬೆಂಚೇ ನನ್ನ ರಂಗಮಂದಿರ.

ಆ ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ಆ ಬೆಂಚಿಗೆ ಮುನಿಯಮ್ಮ ಬಂದು ಕೂತರು. ಹೊಸ ತಿಪ್ಪಸಂದ್ರದವರು. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಮಗ ನಾಗರಾಜ, ಸೊಸೆ ಸುಜಾತ. ಮದುವೆಯಾಗಿ ಮೂರು ವರ್ಷ ಕಳೆದಿತ್ತು. ಸುಜಾತ ತೆಳ್ಳಗೆ, ಬೆಳ್ಳಗೆ, ಮಾತು ಕಡಿಮೆ. ನಾಗರಾಜನದು ಅದಕ್ಕಿಂತ ಕಡಿಮೆ. ಆ ಮನೆಯ ಮಾತನ್ನೆಲ್ಲ ಮುನಿಯಮ್ಮನೊಬ್ಬರೇ ಹೊತ್ತುಕೊಂಡಿದ್ದರು.

"ಏನಪ್ಪಾ, ನನ್ ಮಗನ್ಗೆ ಯಾಕಪ್ಪಾ ಪರೀಕ್ಷೆ? ಗುಂಡ್‌ಕಲ್ ಇದ್ದಂಗವ್ನೆ!"

"ಗುಂಡ್‌ಕಲ್ಲಿಗೂ ಟೆಸ್ಟ್ ಮಾಡ್ತೀವಿ ಅಮ್ಮಾ, ಇಲ್ಲಿ ರೂಲ್ಸು" ಎಂದೆ, ಬಸ್ ಕಂಡಕ್ಟರನ ಮೂಗುಧ್ವನಿಯಲ್ಲಿ. ಮುನಿಯಮ್ಮ ಬಿದ್ದು ಬಿದ್ದು ನಕ್ಕರು. ಆ ನಗು ಅರ್ಧಕ್ಕೆ ಬಂದು ಕೆಮ್ಮಾಗಿ ತಿರುಗಿತು. ಮೊದಲು ಬಾಗಿಲು ತಟ್ಟಿದಂತೆ ಎರಡು ಸಣ್ಣ ಕೆಮ್ಮು, ಆಮೇಲೆ ಬಾವಿಯಿಂದ ಹಗ್ಗ ಎಳೆದಂತೆ ಉದ್ದನೆಯದೊಂದು, ತುದಿಯಲ್ಲಿ ಸಣ್ಣದೊಂದು ಸೀಟಿ. ಕೊನೆಗೆ ಸೆರಗಿನಿಂದ ಬಾಯೊರೆಸಿಕೊಂಡು, "ಏನ್ ಹೇಳ್ತಿದ್ದೆ? ಹಾಳ್ ನೀರೊಲೆ ಹೊಗೆ ಕಣಪ್ಪ" ಎಂದರು. ನಗಿಸಿ ಕೆಮ್ಮಿಸುವಷ್ಟು ದೊಡ್ಡ ಕಲಾವಿದನಾದೆನಲ್ಲ ಎಂದು ನಾನು ಉಬ್ಬಿದೆ. ಸಂಜೆಯೊಳಗೆ ಆ ಕೆಮ್ಮು ನನ್ನ ಗಂಟಲಲ್ಲಿತ್ತು.

ಗುಂಡುಕಲ್ಲಿನ ಪರೀಕ್ಷೆಯೇ ಒಂದು ಅಧ್ಯಾಯ. ವೀರ್ಯದ ಸ್ಯಾಂಪಲ್ಲನ್ನು ಬಾಟಲಿಯಲ್ಲಿ ಮೈಗೆ ಒತ್ತಿ, ಬೆಚ್ಚಗೆ, ಒಂದು ಗಂಟೆಯೊಳಗೆ ತರಬೇಕೆಂದು ನಾಗರಾಜನಿಗೆ ಹೇಳಿದ್ದೆ. ಹೇಳುವಾಗ ಅವನು ನೆಲ ನೋಡುತ್ತಿದ್ದ, ನಾನು ಗೋಡೆ ನೋಡುತ್ತಿದ್ದೆ. ಅರ್ಧ ಮಾತು ನೆಲಕ್ಕೆ, ಅರ್ಧ ಗೋಡೆಗೆ ಹೋಯಿತು. ಮರುದಿನ ಅವನು ಫ್ಲಾಸ್ಕ್ ಹಿಡಿದು ಬಂದ. ಮುಚ್ಚಳ ತೆಗೆದರೆ ಒಳಗೆ ಐಸ್, ಐಸಿನ ನಡುವೆ ಬಾಟಲಿ.

"ಕೆಟ್ಟೋಗ್ಬಾರ್ದು ಅಂತ ಸಾರ್."

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲವೂ ಚಳಿಗೆ ಸ್ತಬ್ಧ. ಪಾಪ, ಮತ್ತೊಮ್ಮೆ ತಂದ, ಈ ಸಲ ಅಂಗಿಯೊಳಗೆ. ಎಲ್ಲವೂ ಸರಿಯಾಗಿತ್ತು. ಫಲಿತಾಂಶ ಕೇಳಿ ಮುನಿಯಮ್ಮ ಬೆಂಚಿನ ಮೇಲೆ ಗೆದ್ದ ಅಭ್ಯರ್ಥಿಯಂತೆ ಕೂತರು.

"ನಾನ್ ಹೇಳಿರ್ಲಿಲ್ವಾ? ಕಾರಣ ಯಾರು ಅಂತ ಈಗ್ ಗೊತ್ತಾಯ್ತಾ? ಯುಗಾದಿವರ್ಗೂ ನೋಡ್ತೀನಿ ಕಣಪ್ಪ. ಆಮೇಲೆ ಇವಳ್ನ ತೌರಿಗೆ ಕಳಿಸ್ಬುಟ್ಟು ನಮ್ಮಣ್ಣನ ಮಗಳ್ನ ತರ್ತೀನಿ. ಹೊಸಕೋಟೆಲವ್ಳೆ."

"ಅಮ್ಮಾ, ಕಾನೂನು ಒಪ್ಪಲ್ಲ" ಎಂದೆ.

"ಕಾನೂನ್ಗೇನು ಮೊಮ್ಮಕ್ಳು ಬೇಕಾ? ನಂಗ್ ಬೇಕು."

ಸುಜಾತ ಆಗ ಮೆಟ್ಟಿಲ ಮೇಲೆ ನಿಂತಿದ್ದಳು. ಎಲ್ಲ ಕೇಳಿಸಿತ್ತು. ಕೈಯಲ್ಲಿದ್ದ ಫೈಲನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಇಳಿದು ಬಂದಳು. ನಾಗರಾಜ ಚಪ್ಪಲಿ ಹುಡುಕುತ್ತಿದ್ದ, ಕಾಲಲ್ಲೇ ಇದ್ದ ಚಪ್ಪಲಿಯನ್ನು.

ಆಮೇಲೆ ಸುಜಾತಳ ಪರೀಕ್ಷೆ ಶುರುವಾಯಿತು. ಹೆಂಗಸಿನ ಅಂಡಾಶಯದಿಂದ ತಿಂಗಳಿಗೊಂದು ಮೊಟ್ಟೆ ಹೊರಬರುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಮುಟ್ಟಿನ ಮೊದಲ ದಿನದಿಂದ ಎಣಿಸಿ ಸುಮಾರು ಇಪ್ಪತ್ತೊಂದನೇ ದಿನ ರಕ್ತ ತೆಗೆಯುತ್ತಿದ್ದೆವು. ನಾನು ಫೈಲ್ ಮುಖಕ್ಕೆ ಅಡ್ಡ ಹಿಡಿದು, ಡಾಕ್ಟರ ಗಂಭೀರ ಧ್ವನಿಯಲ್ಲಿ "ಮೊದಲನೇ ದಿನ ಯಾವಾಗ?" ಎಂದು ಕೇಳುತ್ತಿದ್ದೆ. ಅವಳು ತಾರೀಖು ಹೇಳುತ್ತಿದ್ದಳು. ಎರಡು ತಿಂಗಳು ಹೀಗೆ ನಡೆಯಿತು. ಎರಡು ತಿಂಗಳೂ 'ಮೊಟ್ಟೆ ಬಂದಂತಿಲ್ಲ' ಎಂಬ ಫಲಿತಾಂಶವೇ.

ತಪ್ಪು ಹಿಡಿದದ್ದು ಜೈನಬಿ. ಆಕೆ ಶಿವಾಜಿನಗರದವರು, ಓದು ಬರಹ ಅಷ್ಟಕ್ಕಷ್ಟೆ. ಡಿಸೆಂಬರಿನಲ್ಲಿ ಒಂದು ದಿನ ಬೆಂಚಿನ ಮೇಲೆ ಸುಜಾತಳ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತಾ ಮಾತಿಗೆಳೆದಿದ್ದರು. ಇದ್ದಕ್ಕಿದ್ದಂತೆ ಕೂಗಿದರು.

"ಏ ಕಿಟ್ಟಿ! ಇಲ್ ಬಾರೋ! ಈ ಬೇಟಿ ತಲೆಗ್ ನೀರ್ ಹಾಕ್ಕೊಂಡ್ ದಿನಾನೇ ಮೊದ್ಲನೇ ದಿನ ಅಂತ ಎಣಿಸ್ತಾಳೆ!"

"ಹೌದಲ್ವಾ?" ಎಂದಳು ಸುಜಾತ. "ಅದಕ್ ಮುಂಚೆ ಹೊರಗ್ ಕೂತಿರ್ತೀವಲ್ಲ. ಅವನ್ನೂ ಎಣಿಸ್ಬೇಕಾ?"

ಹೊರಗೆ ಕೂತ ದಿನಗಳು ಅವರ ಮನೆಯ ಲೆಕ್ಕದಲ್ಲಿ ದಿನಗಳೇ ಅಲ್ಲ. ಸ್ನಾನವಾಗಿ ಒಳಗೆ ಬಂದ ದಿನದಿಂದ ತಿಂಗಳು ಶುರು. ನಮ್ಮ ಇಪ್ಪತ್ತೊಂದು ನಿಜದಲ್ಲಿ ಇಪ್ಪತ್ತೈದಾಗಿತ್ತು. ಸುಜಾತಳಿಗೆ ಇಪ್ಪತ್ತಾರು ದಿನಕ್ಕೇ ಮತ್ತೆ ಮುಟ್ಟು. ಹಬ್ಬ ಮುಗಿದು ಪೆಂಡಾಲು ಬಿಚ್ಚುವಾಗ ಹೋಗಿ, ಇಲ್ಲಿ ಹಬ್ಬವೇ ಆಗಿಲ್ಲ ಎಂದು ಬರೆದುಕೊಟ್ಟಿದ್ದೆ ನಾನು. ಹಳೆಯ ಫೈಲುಗಳನ್ನೆಲ್ಲ ತೆಗೆದು ಒಬ್ಬೊಬ್ಬರನ್ನೇ ಕೇಳಿದರೆ ಅರ್ಧಕ್ಕರ್ಧ ಹೆಂಗಸರು ಸ್ನಾನದ ದಿನವನ್ನೇ ಹೇಳಿದ್ದರು! ಡಾಕ್ಟರ್ ಅಂದಿನಿಂದ ಪ್ರಶ್ನೆಯನ್ನೇ ಬದಲಿಸಿದರು. 'ಬಟ್ಟೆಗೆ ಮೊದಲು ಕಲೆ ಕಂಡದ್ದು ಯಾವತ್ತು? ನಿಂತದ್ದು ಯಾವತ್ತು?' ಕೇಳುವ ಕೆಲಸ ಜೈನಬಿಗೆ. ನನಗೆ ಬರೆದುಕೊಳ್ಳುವ ಕೆಲಸ ಮಾತ್ರ. ಹೊಸಬರು ಇದನ್ನು ಗಂಟು ಹಾಕಿಕೊಳ್ಳಿ. ಯಂತ್ರ ಎಷ್ಟು ಹೊಸದಾದರೂ, ತಪ್ಪು ದಿನದ ರಕ್ತ ಹಾಕಿದರೆ ತಪ್ಪನ್ನೇ ಚೊಕ್ಕವಾಗಿ ಅಚ್ಚು ಹಾಕಿ ಕೊಡುತ್ತದೆ.

ಸರಿಯಾದ ದಿನ ರಕ್ತ ತೆಗೆದಾಗ ಸುಜಾತಳ ಮೊಟ್ಟೆಯಲ್ಲಿ ಏನೂ ದೋಷವಿರಲಿಲ್ಲ. ಆದರೆ ಹೊಸ ಪ್ರಶ್ನೆಯಿಂದ ಇನ್ನೊಂದು ಸಂಗತಿ ಹೊರಬಿತ್ತು. ಕಲೆ ಕಂಡದ್ದು ಸೋಮವಾರ, ನಿಂತದ್ದು ಮಂಗಳವಾರ. ನಾಲ್ಕು ದಿನ ಹೊರಗೆ ಕೂರುತ್ತಿದ್ದಳೇ ಹೊರತು ಸ್ರಾವ ಒಂದೂವರೆ ದಿನ ಅಷ್ಟೇ. ಮದುವೆಯಾದಾಗ ಸರಿಯಾಗಿಯೇ ಇತ್ತಂತೆ, ವರ್ಷ ವರ್ಷಕ್ಕೂ ಕಡಿಮೆಯಾಗುತ್ತಾ ಬಂತಂತೆ. ಸಂಜೆ ಹೊತ್ತು ಮೈ ಬೆಚ್ಚಗಾಗುವುದು, ತೂಕ ಇಳಿದದ್ದು, ಇವೂ ಒಂದೊಂದಾಗಿ ಬಂದವು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಡಾಕ್ಟರ್ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿ, ಎಳನೀರಿನ ಗಾಡಿಯಿಂದ ತರಿಸಿದ್ದ ಎರಡು ಸ್ಟ್ರಾ ಹಿಡಿದರು. "ಗರ್ಭಕೋಶದ ಎರಡು ಕಡೆ ಹೀಗೆ ಎರಡು ನಾಳ ಇರತ್ತೆ. ಇದಕ್ಕಿಂತ ಎಷ್ಟೋ ಸಣ್ಣದು. ಮೊಟ್ಟೆ ಬರೋ ದಾರಿ ಇದೇ. ಕ್ಷಯ ಅಂದ್ರೆ ಟಿ.ಬಿ., ಶ್ವಾಸಕೋಶಕ್ಕೆ ಮಾತ್ರ ಬರೋದು ಅಂದ್ಕೊಂಡಿದೀರಿ. ಅಲ್ಲ. ಉಸಿರಲ್ಲಿ ಒಳಗೆ ಹೋದ ಕ್ರಿಮಿ ರಕ್ತದ ಜೊತೆ ಇಲ್ಲಿಗೂ ಬಂದು ಕೂತ್ಕೊಳ್ಳತ್ತೆ. ನೋವಿಲ್ಲ, ಕೆಮ್ಮಿಲ್ಲ. ನಾಳ ಮುಚ್ಚತ್ತೆ, ಗರ್ಭಕೋಶದ ಒಳಪದರ ಸವೆಯತ್ತೆ. ಬೇಗ ಹಿಡಿದ್ರೆ ಉಳಿಸ್ಕೋಬಹುದು. ಇದೇ ಅಂತ ನಾನಿನ್ನೂ ಹೇಳ್ತಿಲ್ಲ. ನೋಡೋಣ."

ನೋಡುವುದಕ್ಕೆ ಮುಟ್ಟಿಗೆ ಎರಡು ಮೂರು ದಿನ ಮುಂಚೆ ಗರ್ಭಕೋಶದ ಒಳಪದರದ ಚೂರು ತೆಗೆಯಬೇಕು. ಸಂಕ್ರಾಂತಿಯ ಹೊತ್ತಿಗೆ ಆ ದಿನ ಬಂತು. ಚೂರನ್ನು ಎರಡು ಭಾಗ ಮಾಡುತ್ತಾರೆ. ಒಂದು ಭಾಗ ಫಾರ್ಮಲಿನ್ ಇರುವ ಬಾಟಲಿಗೆ. ಅದು ಕೆಡದೆ ಉಳಿಯುತ್ತದೆ, ತೆಳ್ಳಗೆ ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಇನ್ನೊಂದು ಭಾಗ ಬರೀ ಉಪ್ಪುನೀರಿಗೆ, ಅಂದರೆ ಸಲೈನಿಗೆ. ಅದರಲ್ಲಿ ಕ್ರಿಮಿ ಬದುಕಿರುತ್ತದೆ. ದೊಡ್ಡ ಲ್ಯಾಬಿನವರು ಅದನ್ನು ಬೆಳೆಸಿ ಇದೇ ಎಂದು ಹೇಳುತ್ತಾರೆ. ಬೆಳೆಯಲು ಆರರಿಂದ ಎಂಟು ವಾರ. ಎಣಿಸಿದರೆ ಫಲಿತಾಂಶ ಯುಗಾದಿಗೆ ಸ್ವಲ್ಪ ಮುಂಚೆ ಬರುತ್ತಿತ್ತು. ಸುಜಾತಳೂ ಬೆರಳು ಮಡಚಿ ಎಣಿಸಿದ್ದನ್ನು ನಾನು ನೋಡಿದ್ದೆ.

ಬಾಟಲಿ ತುಂಬಿಸುವಾಗ ನಾನು ಏನು ಮಾಡುತ್ತಿದ್ದೆ? ನಾಗರಾಜ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ್ದನ್ನು ಜೈನಬಿಗೆ ಅಭಿನಯಿಸಿ ತೋರಿಸುತ್ತಿದ್ದೆ. "ಕೆಟ್ಟೋಗ್ಬಾರ್ದು ಅಂತ ಸಾರ್!" ಜೈನಬಿ ನಕ್ಕಷ್ಟೂ ನನ್ನ ಕೈಗೆ ಹುರುಪು. ಒಂದೇ ಕ್ಯಾನಿನಿಂದ ಎರಡೂ ಬಾಟಲಿ ತುಂಬಿಸಿ, ಚೀಟಿ ಮಾತ್ರ ಬೇರೆ ಬೇರೆ ಅಂಟಿಸಿ ಮೇಲೆ ಕಳಿಸಿದೆ.

ಚೂರು ಬಿದ್ದ ಬಾಟಲಿಗಳು ಕೆಳಗೆ ಬಂದವು. 'ಸಲೈನ್' ಎಂಬ ಚೀಟಿ ಇದ್ದ ಬಾಟಲಿಯ ಮುಚ್ಚಳ ತೆಗೆದೆ. ಮೂಗು ಉರಿಯಿತು. ಕಣ್ಣಲ್ಲಿ ನೀರು ಬಂತು. ಅದು ಪಶ್ಚಾತ್ತಾಪದ್ದು ಎಂದು ಬರೆದುಕೊಳ್ಳಬಹುದಿತ್ತು, ಆದರೆ ಫಾರ್ಮಲಿನ್ನಿನದು. ಬದುಕಿದ್ದ ಕ್ರಿಮಿಯೊಂದು ಇದ್ದಿದ್ದರೂ ಅಷ್ಟು ಹೊತ್ತಿಗೆ ಸತ್ತಿರುತ್ತಿತ್ತು. ಇನ್ನು ಮುಂದಿನ ತಿಂಗಳವರೆಗೆ ಚೂರು ತೆಗೆಯುವಂತಿಲ್ಲ. ಫಲಿತಾಂಶ ಯುಗಾದಿಯನ್ನು ದಾಟಿಹೋಗುತ್ತದೆ. ಹೊಸಕೋಟೆಯ ಹುಡುಗಿ ಹೊಸ ಸೀರೆ ಉಟ್ಟು ನನ್ನ ಕಣ್ಣ ಮುಂದೆ ನಿಂತಂತಾಯಿತು.

ಮೇಲೆ ಹೋಗಿ ಹೇಳಿದೆ. ನನ್ನ ಸ್ವಂತ ಧ್ವನಿಯಲ್ಲಿ. ಅದು ಎಷ್ಟು ಸಣ್ಣಗಿದೆ ಎಂದು ಅಂದೇ ನನಗೂ ಗೊತ್ತಾದದ್ದು.

"ತುಂಬಿಸುವಾಗ ವಾಸನೆ ಬರ್ಲಿಲ್ವಾ?" ಎಂದರು ಡಾಕ್ಟರ್.

"ಮೂಗಿತ್ತು ಮೇಡಂ. ಗಮನ ಇರ್ಲಿಲ್ಲ."

"ಫಾರ್ಮಲಿನ್ ಬಾಟ್ಲಿದು ಕಳಿಸು, ಅದರಲ್ಲಿ ಏನ್ ಕಾಣತ್ತೋ ನೋಡೋಣ. ಆದ್ರೆ ಅವಳಿಗೆ ನೀನೇ ಹೋಗಿ ಹೇಳು. ನಾನ್ ಹೇಳಲ್ಲ."

ಹೇಳಿದೆ. "ಮತ್ತೆ ಆ ನೋವು ತಡ್ಕೋಬೇಕಾ ಅಣ್ಣಾ?" ಎಂದು ಮಾತ್ರ ಕೇಳಿದಳು ಸುಜಾತ. ಅವಳು ಬೈದಿದ್ದರೆ ಅನುಕರಿಸಿ ಮರೆತುಬಿಡುತ್ತಿದ್ದೆ. ಆ 'ಅಣ್ಣಾ' ಮಾತ್ರ ಇವತ್ತಿಗೂ ನನ್ನ ಗಂಟಲಿಗೆ ಇಳಿದಿಲ್ಲ. ಬೈಯುವ ಕೆಲಸವನ್ನು ಮುನಿಯಮ್ಮ ವಹಿಸಿಕೊಂಡರು.

"ಏನ್ ಆಸ್ಪತ್ರೆನೋ ಇದು! ಮೂತಿ ತಿರುವ್ಕೊಂಡು ನಾಟ್ಕ ಆಡಕ್ಕೆ ಸಂಬ್ಳ ಕೊಡ್ತಾರಾ ನಿಂಗೆ? ನನ್ ಮಗ ರಜಾ ಹಾಕ್ಕೊಂಡು..." ಖುಳ್, ಖುಳ್, ಆಮೇಲೆ ಬಾವಿಯ ಹಗ್ಗ, ಆಮೇಲೆ ಸೀಟಿ. "...ರಜಾ ಹಾಕ್ಕೊಂಡು ಅಲೀತವ್ನೆ! ಯುಗಾದಿ ಅಂದ್ರೆ ಯುಗಾದಿನೇ. ಒಂದ್ ದಿನಾನೂ ಹೆಚ್ಗೆ ಇಲ್ಲ."

ಅವರು ಹೋದರು. ಯಾವ ಮನುಷ್ಯನಾದರೂ ಆ ಹೊತ್ತಿಗೆ ತೆಪ್ಪಗೆ ಕೂರುತ್ತಿದ್ದ. ನಾನು ಕೂರಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದಾಗ ಬಾಯಲ್ಲಿ ಇನ್ನೊಬ್ಬರ ಧ್ವನಿ ಬರುವುದು ನನ್ನ ಹಳೆಯ ರೋಗ. ಜೈನಬಿಯ ಎದುರು ಸೊಂಟಕ್ಕೆ ಟವೆಲ್ ಸಿಕ್ಕಿಸಿ ಇಡೀ ಬೈಗುಳವನ್ನು ಒಪ್ಪಿಸಿದೆ, ಕೆಮ್ಮಿನ ಸಮೇತ. ಜೈನಬಿ ನಗಲಿಲ್ಲ. ಅವರ ದೃಷ್ಟಿ ನನ್ನ ಹಿಂದಿತ್ತು. ತಿರುಗಿದರೆ ಡಾಕ್ಟರ್.

"ಇನ್ನೊಂದ್ ಸಲ ಕೆಮ್ಮು" ಎಂದರು.

"ಮೇಡಂ, ಸಾರಿ ಮೇಡಂ..."

"ಕೆಮ್ಮು ಅಂದೆ."

ಕೆಲಸ ಹೋಯಿತು ಎಂದುಕೊಂಡೇ ಕೆಮ್ಮಿದೆ. ಖುಳ್, ಖುಳ್, ಹಗ್ಗ, ಸೀಟಿ. ಡಾಕ್ಟರ್ ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಆ ಸೀಟಿ ನಿಂದಾ, ಅವರದ್ದಾ?"

"ಅವರದ್ದೇ ಮೇಡಂ. ನಾನು ಸ್ವಂತದ್ದು ಸೇರಿಸಲ್ಲ."

"ಎಷ್ಟು ದಿನದಿಂದ?"

"ಗಣೇಶನ ಹಬ್ಬದಿಂದ ನಾನ್ ಕೇಳ್ತಿದೀನಿ. ಅದಕ್ ಮುಂಚೆ ಎರಡು ಚಳಿಗಾಲ ಕೆಮ್ಮಿದಾರಂತೆ. ಔಷಧಿ ಅಂಗಡಿ ಸಿರಪ್ ಕುಡೀತಾರೆ. ನೀರೊಲೆ ಹೊಗೆ ಅಂತಾರೆ."

"ನಾಲ್ಕು ತಿಂಗಳಿಂದ ಕೇಳ್ತಿದೀಯ! ಸಂಗೀತ ಅಂದ್ಕೊಂಡ್ಯಾ?" ಆಮೇಲೆ ಮೆಲ್ಲಗೆ ಹೇಳಿದರು. "ಬಿಡು, ತಪ್ಪು ನಂದೂ ಇದೆ. ಅತ್ತೆಯರನ್ನ ಕೆಳಗೆ ಕೂರಿಸೋ ರೂಲ್ ಮಾಡಿದ್ದು ನಾನೇ. ನನಗೆ ಕೇಳಿಸ್ಲೇ ಇಲ್ಲ."

ನಾಗರಾಜನ ಕಾರ್ಖಾನೆಗೆ ಫೋನ್ ಹೋಯಿತು. ಮುನಿಯಮ್ಮ ಕಫ ಕೊಡಲು ಸುಲಭಕ್ಕೆ ಒಪ್ಪಲಿಲ್ಲ. "ಮಗು ಆಗ್ಬೇಕಿರೋದು ಅವ್ಳಿಗೆ, ನನ್ ಕಫ ಯಾಕೆ?" ಕೊನೆಗೆ ಸುಜಾತಳೇ ಮೂರು ಬೆಳಗ್ಗೆ ಡಬ್ಬಿ ಹಿಡಿದು ಎದುರು ನಿಂತಳಂತೆ. ಮೂರೂ ಡಬ್ಬಿ ನನ್ನ ಮೇಜಿಗೆ ಬಂದವು. ಅಂದು ನಾನು ಬಾಟಲಿಗಳನ್ನು ಒಂದೊಂದಾಗಿ ಮೂಸಿ ನೋಡಿ, ಚೀಟಿ ಎರಡೆರಡು ಸಲ ಓದಿ, ತುಟಿ ಹೊಲಿದುಕೊಂಡು ಬಣ್ಣ ಹಾಕಿದೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ನೀಲಿ ಬಯಲು. ಅದರಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಕೆಂಪು ಕಡ್ಡಿ. ಆಮೇಲೆ ಗುಂಪು ಗುಂಪಾಗಿ. ಕ್ಷಯದ ಕ್ರಿಮಿಗಳು. ನಾಲ್ಕು ತಿಂಗಳು ಜನರ ಮುಂದೆ ನಾನು ಅಭಿನಯಿಸಿದ್ದು ಇವುಗಳನ್ನು.

ಅದೇ ವಾರ ಸುಜಾತಳ ಫಾರ್ಮಲಿನ್ ಬಾಟಲಿಯ ವರದಿಯೂ ಬಂತು. ಕ್ಷಯದ್ದೇ ಗುರುತಿನ ಗಂಟುಗಳಿವೆ ಎಂದಿತ್ತು. ಅದೊಂದೇ ಆಗಿದ್ದರೆ ಡಾಕ್ಟರ್ ಕ್ರಿಮಿ ಬೆಳೆಯುವವರೆಗೆ ಕಾಯುತ್ತಿದ್ದರೋ ಏನೋ. ಅತ್ತೆಯ ಕಫ ಜೊತೆಗೆ ಸೇರಿದ ಮೇಲೆ ಕಾಯುವುದಕ್ಕೇನೂ ಉಳಿಯಲಿಲ್ಲ.

ಡಾಕ್ಟರ್ ತಮ್ಮ ಮೂರನೇ ಕಟ್ಟುನಿಟ್ಟನ್ನು ಅಂದು ಮುರಿದರು. ಮೂವರನ್ನೂ ಒಳಗೆ ಕರೆದರು, ಸ್ಲೈಡ್ ಹಿಡಿದುಕೊಂಡು ನಾನೂ ಹೋದೆ. ವಿಷಯ ಕೇಳಿ ಮುನಿಯಮ್ಮ ನನ್ನ ಕೈಯಲ್ಲಿದ್ದ ಸ್ಲೈಡಿನ ಕಡೆ ತಿರುಗಿದರು. "ಅಂಗಾದ್ರೆ... ಕಾರಣ ನಾನೇನಾ?" ಎಂದರು.

ನನಗೆ, ಸುಳ್ಳು ಯಾಕೆ, ಒಳಗೊಳಗೇ ಖುಷಿಯಾಯಿತು. ಹೇಳಲಿ, ಹೌದು ಅನ್ನಲಿ ಎಂದು ಕಾದೆ. ಡಾಕ್ಟರ್ ಹಾಗೆ ಹೇಳಲಿಲ್ಲ.

"ನಿಮ್ಮಿಂದ ಬಂದಿರಬಹುದು. ಅವಳಿಗೆ ಚಿಕ್ಕವಳಿದ್ದಾಗಲೇ ಎಲ್ಲೋ ತಗುಲಿರಬಹುದು. ನಿಮಗೆ ಯಾರಿಂದ ಬಂತು, ಹೇಳ್ತೀರಾ? ಕಾರಣ ಹುಡುಕೋದು ಔಷಧಿ ಕೊಡೋಕೆ ಅಮ್ಮಾ, ಯಾರನ್ನೋ ಮನೆಯಿಂದ ಹೊರಗೆ ಹಾಕೋಕಲ್ಲ. ಹೊರಗೆ ಹಾಕೋದಾದ್ರೆ ಇವತ್ತು ನಿಮ್ಮನ್ನ ಹಾಕ್ಬೇಕಾಗತ್ತೆ. ಹಾಕೋಣ್ವಾ?"

ನಾಗರಾಜ ಕೆಮ್ಮಿದ. ಅದು ರೋಗದ ಕೆಮ್ಮಲ್ಲ, ಮೂರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತಿನದು. "ಅಮ್ಮಾ, ಹೊಸಕೋಟೆ ಮಾವಂಗೆ ನಾನೇ ಹೇಳ್ತೀನಿ. ಆ ಮಾತು ಇನ್ ಬ್ಯಾಡ" ಎಂದ.

ಸುಜಾತ ಮಾತ್ರ ಔಷಧಿ ಚೀಟಿಯನ್ನು ಓದುತ್ತಿದ್ದಳು. ತಲೆಯೆತ್ತಿ, "ಅತ್ತೆ, ಖಾಲಿ ಹೊಟ್ಟೇಲಿ ತಗೋಬೇಕಂತೆ. ನೀವು ಕಾಫಿ ಕುಡೀದೆ ಏಳಲ್ಲ. ನಾನೇ ಎಬ್ಬಿಸ್ತೀನಿ, ಇಬ್ರೂ ಒಟ್ಟಿಗೇ ತಗೊಳ್ಳೋಣ" ಎಂದಳು.

ಅಷ್ಟು ಚೆನ್ನಾಗಿ ಕೆಮ್ಮಿದ್ದಕ್ಕೆ ನನ್ನ ಎದೆಗೂ ಎಕ್ಸ್‌ರೇ ಆಯಿತು. ಏನೂ ಇರಲಿಲ್ಲ. "ಒಳಗೆ ಬರೀ ನಾಟಕ ಐತೆ" ಎಂದು ಜೈನಬಿ ವರದಿ ಕೊಟ್ಟರು.

ಮಾತ್ರೆ ಶುರುವಾದ ಮೂರನೇ ದಿನ ಮುನಿಯಮ್ಮ ಒಬ್ಬರೇ ಬೆಳಗ್ಗೆಯೇ ಬಂದು ಜೈನಬಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ರಕ್ತವೇ ಹೋಗುತ್ತಿದೆ ಎಂದು ಹೆದರಿದ್ದರು. ಆ ಮಾತ್ರೆಗೆ ಹಾಗಾಗುತ್ತದೆ, ಹೆದರಬೇಡಿ ಎಂದು ನಾನು ಮೊದಲೇ ಹೇಳಿದ್ದೆ. ನಾನು ಹೇಳಿದ್ದರಿಂದಲೇ ಅದು ತಮಾಷೆ ಎಂದುಕೊಂಡಿದ್ದರು. ಸದಾ ನಗಿಸುವವನು ತೆರುವ ದಂಡ ಅದು. ಮನೆಗೆ ಹೋಗಿ ಸೊಸೆಯನ್ನು ಮೂಲೆಗೆ ಕರೆದು "ನಿಂಗೂ ಅಂಗೇನಾ?" ಎಂದು ಕೇಳಿದರಂತೆ. "ನಂಗೂ ಹಂಗೇ ಅತ್ತೆ, ಹೇಳೋದು ಹೆಂಗೆ ಅಂತ ಸುಮ್ನಿದ್ದೆ" ಎಂದಳಂತೆ. ಇಬ್ಬರೂ ಬಚ್ಚಲ ಮನೆಯ ಬಾಗಿಲಲ್ಲಿ ನಿಂತು ನಕ್ಕರಂತೆ. ಮೂರು ವರ್ಷದಲ್ಲಿ ಅತ್ತೆ ಸೊಸೆ ಒಟ್ಟಿಗೆ ನಕ್ಕದ್ದು ಅದೇ ಮೊದಲು ಎಂದು ಸುಜಾತ ಆಮೇಲೆ ಹೇಳಿದಳು. ಆ ವರ್ಷದ ಯುಗಾದಿಯ ಬೆಳಗ್ಗೆಯೂ ಇಬ್ಬರೂ ಎದ್ದು ಮೊದಲು ಮಾತ್ರೆ ನುಂಗಿ, ಆಮೇಲೆ ಬೇವು ಬೆಲ್ಲ ತಿಂದರು.

ಇಲ್ಲಿ ಸ್ವಲ್ಪ ನಿಲ್ಲಿಸಿ ಹೊಸಬರಿಗೆ ಒಂದು ಮಾತು. ಎಲ್ಲರ ಕಥೆ ಹೀಗೇ ಸಾಗಲಿಲ್ಲ. ಎರಡೂ ನಾಳ ಮುಚ್ಚಿದ ಮೇಲೆ ಬಂದವರು ಎಷ್ಟೋ ಜನ. ಬಿಳಿ ಸೆರಗು, ಕೆಳಹೊಟ್ಟೆ ನೋವು ಎಂದು ಹೇಳಿಕೊಳ್ಳಲು ನಾಚಿ ವರ್ಷಗಟ್ಟಲೆ ಮುಚ್ಚಿಟ್ಟವರು, ಗರ್ಭ ತೆಗೆಸಲು ಯಾರೋ ಕಲಿಯದವಳ ಕೈಗೆ ಸಿಕ್ಕಿ ಸೋಂಕು ತಂದುಕೊಂಡವರು, ಗಂಡನಿಗೆ ಮದ್ದು ಕೊಡಿಸದೆ ತಾನೊಬ್ಬಳೇ ಮತ್ತೆ ಮತ್ತೆ ಮಾತ್ರೆ ನುಂಗಿದವಳು. ಎರಡು ಸಾವಿರದ ಇಸವಿ ದಾಟಿದ ಮೇಲೆ ಬೆಂಚಿನ ಮೇಲೆ ಸಿ.ವಿ. ರಾಮನ್ ನಗರದ ಆಫೀಸಿನ ಹೆಣ್ಣುಮಕ್ಕಳು ಕಂಪ್ಯೂಟರಿನಿಂದ ಅಚ್ಚು ಹಾಕಿಸಿದ ಹಾಳೆ ಹಿಡಿದು ಕೂರತೊಡಗಿದರು. ಅವರ ತೊಂದರೆ ಬೇರೆ ಥರ. ತೂಕ, ತಿಂಗಳು ತಪ್ಪುವ ಮುಟ್ಟು, ಥೈರಾಯ್ಡ್, ಮುಂದೂಡಿ ಮುಂದೂಡಿ ಕೈಜಾರಿದ ವಯಸ್ಸು. ನನ್ನ ಸ್ಟೂಲಿನ ಪಕ್ಕ ರಕ್ತವನ್ನು ತಾನೇ ಎಣಿಸುವ ಯಂತ್ರ ಬಂತು, ಮೇಲೆ ಮೊಟ್ಟೆ ಬೆಳೆಯುವುದನ್ನು ತೋರಿಸುವ ಸ್ಕ್ಯಾನ್ ಬಂತು. ಡಾಕ್ಟರ್ ಮಾತ್ರ ಬುಧವಾರ ಮಧ್ಯಾಹ್ನ ಹುಡುಗಿಯರನ್ನು ಕೂರಿಸಿಕೊಂಡು ಅದೇ ಹಳೆಯ ಪಾಠ ಹೇಳುತ್ತಿದ್ದರು. "ಮುಟ್ಟು ಬದಲಾದ್ರೆ ಹೇಳಿ. ಬಿಳಿ ಸೆರಗು ವಾಸನೆ ಬಂದ್ರೆ ಹೇಳಿ. ಮನೇಲಿ ಯಾರಾದ್ರೂ ಮೂರು ವಾರ ಕೆಮ್ಮಿದ್ರೆ ಅವರನ್ನ ಎಳ್ಕೊಂಡ್ ಬನ್ನಿ. ಮದುವೆಯಾಗಿ ಮಕ್ಕಳಾಗ್ದೇ ಇದ್ದಾಗ ನೋಡೋ ಕಾಯಿಲೆ ಅಲ್ಲ ಇದು, ಅದಕ್ಕೂ ಮುಂಚೆ ನೋಡೋದು." ಕೆಮ್ಮಿನ ಮಾತು ಬಂದಾಗ ಮೆಟ್ಟಿಲ ಕಡೆ ತಿರುಗಿ, "ಕಿಟ್ಟಿ, ಡೆಮೋ!" ಎನ್ನುತ್ತಿದ್ದರು. ನಾನು ಕೆಳಗಿನಿಂದಲೇ ಕೆಮ್ಮುತ್ತಿದ್ದೆ. ಅತ್ತೆಯರಿಗೂ ವಾರಕ್ಕೊಮ್ಮೆ ಮೇಲೆ ಪ್ರವೇಶ ಸಿಕ್ಕಿತು, ಕೆಮ್ಮು ಕೇಳುವ ನೆಪದಲ್ಲಿ.

ಸುಜಾತಳ ಮಾತಿಗೆ ಬರುತ್ತೇನೆ. ಮಾತ್ರೆಯ ತಿಂಗಳುಗಳೆಲ್ಲ ಮುಗಿದ ಮೇಲೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆದು ನಾಳಗಳನ್ನು ನೋಡಿದರು. ಎಡಗಡೆಯದು ಮುಚ್ಚಿಹೋಗಿತ್ತು. ಬಲಗಡೆಯದು ತೆರೆದಿತ್ತು. "ಒಂದು ಸಾಕು" ಎಂದರು ಡಾಕ್ಟರ್. ಮುಟ್ಟು ಮೂರು ದಿನಕ್ಕೆ ಬಂದು ನಿಂತಿತು. ಒಂದು ವರ್ಷ ಏನೂ ಆಗಲಿಲ್ಲ. ಮುನಿಯಮ್ಮ ಆ ವರ್ಷವಿಡೀ ಯಾವ ಹಬ್ಬದ ಹೆಸರನ್ನೂ ಎತ್ತಲಿಲ್ಲ. ಆಮೇಲೆ ಒಂದು ಬೆಳಗ್ಗೆ ಸುಜಾತ ತಂದ ಬಾಟಲಿಯನ್ನು ನಾನು ಪರೀಕ್ಷೆ ಮಾಡಿದೆ. ಎರಡು ಸಲ. ಚೀಟಿ ಓದಿ, ಮೂಸಿ, ಮೂರನೇ ಸಲ. ಗರ್ಭ ನಾಳದಲ್ಲೇ ಸಿಕ್ಕಿಕೊಂಡಿಲ್ಲ, ಒಳಗೆ ಸರಿಯಾದ ಜಾಗದಲ್ಲಿದೆ ಎಂದು ಸ್ಕ್ಯಾನ್ ಹೇಳಿದ ಮೇಲೆಯೇ ಡಾಕ್ಟರ್ ನನಗೆ ಬೆಂಚಿನ ಹತ್ತಿರ ಹೋಗಿ ಬಾಯಿ ಬಿಡಲು ಅನುಮತಿ ಕೊಟ್ಟದ್ದು.

ಹೆಣ್ಣು ಮಗು. ನಾಮಕರಣಕ್ಕೆ ನಮ್ಮನ್ನೆಲ್ಲ ಕರೆದಿದ್ದರು. ಹೊಸ ತಿಪ್ಪಸಂದ್ರದ ಆ ಮನೆಯ ಮುಂದಿನ ಶಾಮಿಯಾನದಲ್ಲಿ ಊಟ ಮುಗಿದಿತ್ತು, ಎಲೆ ಅಡಿಕೆ ನಡೆದಿತ್ತು. ಸುಜಾತ ಮೈ ತುಂಬಿಕೊಂಡು ತೊಟ್ಟಿಲ ಪಕ್ಕ ಕೂತಿದ್ದಳು. ಮುನಿಯಮ್ಮ ನನ್ನ ಕೈ ಹಿಡಿದು ನೆಂಟರ ನಡುವೆ ಎಳೆದು ತಂದರು.

"ಇವ್ನೇ ಕಣ್ರಮ್ಮಾ ನನ್ ಕೆಮ್ಮು ಕದ್ದೋನು. ಏಯ್, ಮಾಡೋ. ನನ್ ಕೆಮ್ಮು ಮಾಡಿ ತೋರ್ಸೋ!"

"ಬೇಡ ಅಮ್ಮಾ, ಶುಭಕಾರ್ಯ..."

"ಅದ್ರಿಂದ್ಲೇ ಅಲ್ವಾ ಶುಭಕಾರ್ಯ? ಮಾಡೋ ಅಂದ್ರೆ!"

ಸೊಂಟಕ್ಕೆ ಟವೆಲ್ ಸಿಕ್ಕಿಸಿದೆ. "ಯುಗಾದಿ ಅಂದ್ರೆ ಯುಗಾದಿನೇ!" ಎಂದೆ. ಖುಳ್, ಖುಳ್, ಹಗ್ಗ, ಸೀಟಿ. ಟವೆಲ್ಲನ್ನೇ ಸೆರಗು ಮಾಡಿಕೊಂಡು ಬಾಯೊರೆಸಿ, "ಏನ್ ಹೇಳ್ತಿದ್ದೆ?"

ಶಾಮಿಯಾನ ಉರುಳಿ ಬೀಳುವಷ್ಟು ನಗು. ಮುನಿಯಮ್ಮ ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಕ್ಕರು. ಅಭ್ಯಾಸಬಲ ನೋಡಿ, ನಾನು, ಜೈನಬಿ, ಡಾಕ್ಟರ್ ಮೂವರೂ ನಮಗರಿವಿಲ್ಲದೆಯೇ ಸುಮ್ಮನಾಗಿ ಕಿವಿಗೊಟ್ಟು ನಿಂತಿದ್ದೆವು, ಆ ನಗು ಅರ್ಧಕ್ಕೆ ಬಂದು ಕೆಮ್ಮಾಗಿ ತಿರುಗುವ ಜಾಗಕ್ಕಾಗಿ ಕಾಯುತ್ತಾ. ನಗು ಆ ಜಾಗಕ್ಕೆ ಬಂತು. ಅದನ್ನು ದಾಟಿಕೊಂಡು ಹಾಗೆಯೇ ಮುಂದೆ ಹೋಯಿತು. ತೊಟ್ಟಿಲಲ್ಲಿದ್ದ ಮಗು ಎಚ್ಚರಗೊಂಡು ಅಳತೊಡಗುವವರೆಗೂ ಮುನಿಯಮ್ಮ ನಗುತ್ತಲೇ ಇದ್ದರು.